ಸರ್ವರ್ ಗರ ಬಡಿದ ಹಾಗೆ ನಿಲ್ಲುತ್ತದೆ, ಡಿಸ್ಕ್ ಬದಲಿಸಿದರೂ ಅದೇ ಕಥೆ

ಕಣದ ಗುಮಾಸ್ತ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು ನಾನು. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಒಮ್ಮೆ ಬಾಯಿ ಬಿಟ್ಟ ತಪ್ಪಿಗೆ ಸರ್ವರ್ ಕೂಡ ನನ್ನ ಕೊರಳಿಗೇ ಬಿದ್ದಿದೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಜೋಡಿಸಿದ ಟವರ್ ಪಿಸಿ, ಡೆಬಿಯನ್ ಲಿನಕ್ಸ್, 4 ಟಿಬಿಯ ನಾಲ್ಕು ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್, 5400 ಆರ್‌ಪಿಎಂ, ಸಾಫ್ಟ್‌ವೇರ್ ರೈಡ್ 5, ಅಂದರೆ ನಾಲ್ಕೂ ಡಿಸ್ಕ್ ಸೇರಿ ಒಂದೇ ಡಿಸ್ಕ್ ಹಾಗೆ ಕೆಲಸ ಮಾಡುವ ಏರ್ಪಾಟು. ವೇಬ್ರಿಡ್ಜ್ ತೂಕ, ಸ್ಟಾಕ್, ಔಟ್‌ಟರ್ನ್ (ತಂದ ಕಾಫಿಯಿಂದ ಎಷ್ಟು ಬೀಜ ಬಂತು ಅನ್ನುವ ಲೆಕ್ಕ), ಬಿಲ್ಲು ಎಲ್ಲ ಇದರ ಮೇಲೇ ನಡೆಯುವುದು.

ದಿನಕ್ಕೆ ನಾಲ್ಕೈದು ಸಲ ಎಲ್ಲ ನಿಂತುಬಿಡುತ್ತದೆ. ಒಂದು ನಿಮಿಷ, ಕೆಲವೊಮ್ಮೆ ಮೂರು ನಿಮಿಷ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ತಾನೇ ಓಡುತ್ತದೆ. ನಿಂತಾಗ ಟಾಪ್ ಕಮಾಂಡ್ ನೋಡಿದರೆ ಲೋಡ್ 38, ಸಿಪಿಯು ಮಾತ್ರ ಖಾಲಿ. ಕಿಲ್ 9 ಕೊಟ್ಟರೂ ಪ್ರೋಸೆಸ್ ಸಾಯುವುದಿಲ್ಲ. ಲಾಗ್‌ನಲ್ಲಿ ‘ಎಟಿಎ 3 ಎಕ್ಸೆಪ್ಷನ್, ಫ್ರೋಜನ್’, ಅದರ ಕೆಳಗೆ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಅಂತ ಬರುತ್ತದೆ. ಎರಡು ಸಲ ಮೂರನೇ ಡಿಸ್ಕ್ ರೈಡ್‌ನಿಂದಲೇ ಹೊರಗೆ ಬಿತ್ತು. ಡಿಸ್ಕ್ ಕೆಟ್ಟಿದೆ ಅಂತ ಹೊಸದು ಹಾಕಿದೆ. ಒಂಬತ್ತೇ ದಿನ. ಹೊಸದರದ್ದೂ ಅದೇ ಕಥೆ.

ಇದು ಸೀಸನ್. ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತದ ಒಣ ಬೀಜ) ಲೋಡ್ ಮೇಲೆ ಲೋಡ್ ಬರುತ್ತಿದೆ. ಔಟ್‌ಟರ್ನ್ ಚೀಟಿಗೆ ಪ್ಲಾಂಟರ್‌ಗಳು ಕೌಂಟರ್ ಮುಂದೆ ನಿಂತು ನನ್ನ ಮುಖ ನೋಡುತ್ತಾರೆ, ನಾನು ಸ್ಕ್ರೀನ್ ನೋಡುತ್ತೇನೆ. ಏನು ಮಾಡಲಿ?

ಅರಸೀಕೆರೆ ಕಾಯಿ, ಸೋಮವಾರ ರಾತ್ರಿ

ಹಾರ್ಡ್ ಡಿಸ್ಕ್ ಕಾಲ ಮುಗಿಯಿತು ಗುರುವೇ. ನಾಲ್ಕೂ ಕಿತ್ತು ಎಸ್‌ಎಸ್‌ಡಿ ಹಾಕಿ, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಮುಗೀತು.

ಕಣದ ಗುಮಾಸ್ತ

ಸಾಹುಕಾರರಿಗೆ ಹೊಸ ಡಿಸ್ಕ್ ಒಂದಕ್ಕೆ ದುಡ್ಡು ಕೇಳುವಾಗಲೇ ನನ್ನ ಗಂಟಲು ಒಣಗಿತ್ತು. ಒಂದು ತಿಂಗಳೊಳಗೆ ಮತ್ತೆ ನಾಲ್ಕಕ್ಕೆ ಕೇಳುವ ಧೈರ್ಯ ನನಗಿಲ್ಲ.

ಹಳೇ ಟರ್ಮಿನಲ್, ಮಂಗಳವಾರ ಬೆಳಿಗ್ಗೆ

ಅದೆಲ್ಲ ಆಮೇಲೆ. ಮೊದಲು ಹೇಳಿ, ಬ್ಯಾಕಪ್ ಇದೆಯಾ? ಇದೇ ಸರ್ವರ್‌ನ ಇನ್ನೊಂದು ಫೋಲ್ಡರ್‌ನಲ್ಲಿ ಅಲ್ಲ, ಬೇರೆ ಕಡೆ. ರೈಡ್ ಇದೆ ಅಂತ ಹೇಳಬೇಡಿ. ರೈಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ. ಎರಡನೆಯದು ಹೋದರೆ ನೀವು ಮತ್ತೆ ಖಾತೆ ಪುಸ್ತಕಕ್ಕೆ ಬರುತ್ತೀರಿ.

ಇನ್ನು ನಿಮ್ಮ ಲಾಗ್. ‘ಫ್ರೋಜನ್’ ಅಂತ ನೋಡಿದ ತಕ್ಷಣ ಡಿಸ್ಕ್ ಸತ್ತಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಒಂದು ಕೆಲಸ ಹೇಳಿತು, ಡಿಸ್ಕ್ ಉತ್ತರ ಕೊಡಲಿಲ್ಲ. ಲಿನಕ್ಸ್ ಸುಮ್ಮನೆ ಬಿಟ್ಟರೆ 30 ಸೆಕೆಂಡ್ ಕಾಯುತ್ತದೆ. ಆಮೇಲೆ ಆ ಪೋರ್ಟ್ ಮೇಲೆ ಹೊಸ ಕೆಲಸ ಹೋಗದ ಹಾಗೆ ತಡೆದು, ಲಿಂಕನ್ನು ರೀಸೆಟ್ ಮಾಡಿ ಮತ್ತೆ ಎಬ್ಬಿಸಲು ನೋಡುತ್ತದೆ. ಅಂದರೆ ತಡೆದದ್ದು ಕರ್ನೆಲ್. ಡಿಸ್ಕ್ ಯಾಕೆ ಉತ್ತರ ಕೊಡಲಿಲ್ಲ ಅನ್ನುವುದನ್ನು ಆ ಸಾಲು ಹೇಳುವುದಿಲ್ಲ.

ಲೋಡ್ 38 ಇದ್ದು ಸಿಪಿಯು ಖಾಲಿ ಇರುವುದೂ ಇದಕ್ಕೇ. ಡಿಸ್ಕ್ ಉತ್ತರಕ್ಕೆ ಕಾಯುತ್ತಿರುವ ಪ್ರೋಸೆಸ್‌ಗಳು ‘ಡಿ’ ಸ್ಥಿತಿಯಲ್ಲಿ ಇರುತ್ತವೆ. ಲಿನಕ್ಸ್ ಅವನ್ನೂ ಲೋಡ್‌ಗೆ ಸೇರಿಸಿ ಎಣಿಸುತ್ತದೆ. ಆ ಸ್ಥಿತಿಯಲ್ಲಿ ಕಿಲ್ 9 ಕೂಡ ಒಳಗೆ ಹೋಗುವುದಿಲ್ಲ. ಇನ್ನು ಒಂದು ಡಿಸ್ಕ್ ನಿಂತರೆ ಎಲ್ಲ ಯಾಕೆ ನಿಲ್ಲಬೇಕು ಅಂದರೆ, ರೈಡ್ 5 ನಾಲ್ಕು ಜನ ಹೊರುವ ಪಲ್ಲಕ್ಕಿ. ಒಬ್ಬ ಎಡವಿದರೆ ಉಳಿದ ಮೂವರೂ ನಿಲ್ಲಲೇಬೇಕು.

ಸ್ಮಾರ್ಟ್‌ನಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ, 5, 197, 198, 199 ಈ ನಾಲ್ಕು ಸಾಲಿನ ಕೊನೆಯ ಅಂಕಿ ಕಳಿಸಿ. ನಾಲ್ಕೂ ಡಿಸ್ಕ್‌ನದ್ದು. ತೆಗೆದಿಟ್ಟ ಹಳೇ ಡಿಸ್ಕ್‌ನದ್ದೂ ಬೇಕು. ಅದನ್ನು ಎಸೆದಿಲ್ಲ ತಾನೇ?

ಕಣದ ಗುಮಾಸ್ತ, ಮಂಗಳವಾರ ಸಂಜೆ

ಎಸೆದಿಲ್ಲ ಸಾರ್, ಡ್ರಾಯರ್‌ನಲ್ಲಿದೆ. ಬ್ಯಾಕಪ್ ದಸರಾಕ್ಕೆ ಮುಂಚೆ ತೆಗೆದದ್ದು. ಬೈಯಬೇಡಿ, ಇವತ್ತು ರಾತ್ರಿಯೇ ತೆಗೆಯುತ್ತೇನೆ.

5, 197, 198 ಎಲ್ಲ ಡಿಸ್ಕ್‌ನಲ್ಲೂ ಸೊನ್ನೆ. ಡ್ರಾಯರ್‌ನಲ್ಲಿರುವುದರಲ್ಲೂ ಸೊನ್ನೆ! 199 ಮಾತ್ರ ವಿಚಿತ್ರವಾಗಿದೆ. ಬೇರೆ ಮೂರರಲ್ಲಿ 0, 0, 2. ಡ್ರಾಯರ್‌ನದ್ದರಲ್ಲಿ 214. ಹೊಸದರಲ್ಲಿ ಆಗಲೇ 37.

ಹಳೇ ಟರ್ಮಿನಲ್

ಒಳ್ಳೇ ಡಿಸ್ಕನ್ನು ಡ್ರಾಯರ್‌ಗೆ ಹಾಕಿದ್ದೀರಿ ಅಂತ ಕಾಣುತ್ತದೆ. 5 ಮತ್ತು 197 ತಟ್ಟೆಯ ಮೇಲಿನ ಸೆಕ್ಟರ್‌ಗಳ ಲೆಕ್ಕ. ಅವು ಏರಿದರೆ ಡಿಸ್ಕ್ ಒಳಗೇ ತೊಂದರೆ. 199 ಅಂದರೆ ಸಿಆರ್‌ಸಿ. ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಹೋಗುವಾಗ ಡೇಟಾ ಕೆಟ್ಟರೆ ಅದು ಏರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅದು ಕೇಬಲ್. ಡಿಸ್ಕ್ ಬದಲಿಸಿದಿರಿ, ಕೇಬಲ್ ಹಳೆಯದೇ ಚುಚ್ಚಿದಿರಿ, ಅಲ್ವಾ?

ಹೊಸ ಸಾಟಾ ಕೇಬಲ್ ತನ್ನಿ. ತುದಿಯಲ್ಲಿ ಕಬ್ಬಿಣದ ಕ್ಲಿಪ್ ಇರುವುದೇ ಬೇಕು. ಒಂದು ವಿಷಯ ನೆನಪಿಡಿ. 199 ಯಾವತ್ತೂ ಇಳಿಯುವುದಿಲ್ಲ. 37 ಇದ್ದದ್ದು 37ರಲ್ಲೇ ನಿಂತರೆ ಗೆದ್ದ ಹಾಗೆ.

ಹೇಮಾವತಿ ದಂಡೆ, ಮಂಗಳವಾರ ರಾತ್ರಿ

ಹಾಸನದಿಂದ. ನನ್ನದು ಫೋಟೋ ಸ್ಟುಡಿಯೋ. ಡಿಸ್ಕ್ ಎಸ್‌ಎಂಆರ್ ಅಲ್ಲ ತಾನೇ, ಒಮ್ಮೆ ನೋಡಿಕೊಳ್ಳಿ. ನಾನು ಸುಟ್ಟುಕೊಂಡವನು. ಕಂಪನಿ ಹೆಸರು ಬೇಡ.

ಎಸ್‌ಎಂಆರ್ ಅಂದರೆ ನಮ್ಮ ಮಂಗಳೂರು ಹೆಂಚಿನ ಮಾಡಿನ ಹಾಗೆ. ಡೇಟಾ ಬರೆಯುವ ಸುತ್ತುಗೆರೆ, ಅಂದರೆ ಟ್ರ್ಯಾಕ್, ಒಂದರ ಮೇಲೆ ಇನ್ನೊಂದರ ಅಂಚು ಕೂತಿರುತ್ತದೆ. ಓದುವುದಕ್ಕೆ ತೊಂದರೆ ಇಲ್ಲ. ಮಧ್ಯದ ಒಂದು ಹೆಂಚು ಬದಲಿಸಬೇಕು ಅಂದರೆ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಡಿಸ್ಕ್ ಮೊದಲು ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡು, ಬಿಡುವಾದಾಗ ಸರಿ ಜಾಗಕ್ಕೆ ಹಾಕುತ್ತದೆ. ಆ ಮೂಲೆ ತುಂಬಿತೋ, ಮುಗಿಯಿತು. ರೈಡ್ ರೀಬಿಲ್ಡ್ ಮಾಡುವಾಗ ನನ್ನದು ನಾಲ್ಕು ದಿನ ತೆವಳಿತು. ಅದೂ ಮದುವೆ ಸೀಸನ್‌ನಲ್ಲಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಅಂತ ಒಪ್ಪಿಕೊಂಡ ಮೇಲೆ ಎಲ್ಲ ಕಂಪನಿಗಳೂ ಪಟ್ಟಿ ಹಾಕಲು ಶುರು ಮಾಡಿದವು. ಮಾಡೆಲ್ ನಂಬರ್ ಹಿಡಿದು ಹುಡುಕಿ.

ಕಣದ ಗುಮಾಸ್ತ

ಹುಡುಕಿದೆ ಅಣ್ಣ. ಐದೂ ಸಿಎಂಆರ್, ಟ್ರ್ಯಾಕ್ ಮೇಲೆ ಟ್ರ್ಯಾಕ್ ಕೂರದ ಬಗೆ. ಹೆಂಚಿನದಲ್ಲ, ತಾರಸಿ.

ಕಣದ ಗುಮಾಸ್ತ, ಗುರುವಾರ ರಾತ್ರಿ

ಬುಧವಾರ ಬೆಳಿಗ್ಗೆ ಬೇಗ ಬಂದು ಕೇಬಲ್ ಬದಲಿಸಿದೆ. ಹಳೆಯದಕ್ಕೆ ಕ್ಲಿಪ್ಪೇ ಇರಲಿಲ್ಲ. ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. 199 ಈಗ 37ರಲ್ಲೇ ನಿಂತಿದೆ. ಬುಧವಾರ ಇಡೀ ದಿನ ಒಂದೂ ಫ್ರೀಜ್ ಇಲ್ಲ. ಸಂಜೆ ಎಲ್ಲರಿಗೂ ಬೋಂಡ ಕೊಡಿಸಿದೆ.

ಇವತ್ತು ಮತ್ತೆ ನಿಂತಿತು. ಮೂರು ಸಲ. ಡಿಸ್ಕ್ ಹೊರಗೆ ಬೀಳಲಿಲ್ಲ, 199 ಏರಲಿಲ್ಲ, ಆದರೂ ನಿಂತಿತು. ಬೋಂಡದ ದುಡ್ಡು ದಂಡ.

ಅರಸೀಕೆರೆ ಕಾಯಿ

ನಾನು ಹೇಳಿದೆ.

ಮೂಡಿಗೆರೆ ಮಳೆ, ಗುರುವಾರ ರಾತ್ರಿ

ಬೋಂಡ ದಂಡ ಅಲ್ಲ, ಒಂದು ರೋಗ ವಾಸಿಯಾಗಿದೆ. ಇನ್ನೊಂದು ಉಳಿದಿದೆ ಅಷ್ಟೆ. ಇಂಥ ಕೇಸ್‌ಗಳಲ್ಲಿ ಎರಡು ತೊಂದರೆ ಒಟ್ಟಿಗೆ ಇರುವುದು ಜಾಸ್ತಿ, ಅದಕ್ಕೇ ಜನ ತಲೆ ಕೆಡಿಸಿಕೊಳ್ಳುತ್ತಾರೆ.

ಸರ್ವರ್ ಒಳಗಿನ ಲಾಗ್ ಓದಿದ್ದು ಸಾಕು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಸಲ ನಿಂತಾಗ ಗಡಿಯಾರ ನೋಡಿ ಸಮಯ ಬರೆಯಿರಿ. ಪಕ್ಕದಲ್ಲಿ, ಆ ಹೊತ್ತಿಗೆ ವರ್ಕ್ಸ್‌ನಲ್ಲಿ ಏನು ನಡೆಯುತ್ತಿತ್ತು ಅಂತ ಬರೆಯಿರಿ. ಕಂಪ್ಯೂಟರ್‌ನಲ್ಲಿ ಅಲ್ಲ, ವರ್ಕ್ಸ್‌ನಲ್ಲಿ. ಲೆಕ್ಕ ಬರೆಯುವವರು ನೀವು, ಇದು ನಿಮಗೆ ಕಷ್ಟವಲ್ಲ.

ಜೊತೆಗೆ ಐಒಸ್ಟ್ಯಾಟ್ ಕಮಾಂಡ್ ಐದು ಸೆಕೆಂಡಿಗೊಮ್ಮೆ ಓಡಿಸಿ ಫೈಲ್‌ಗೆ ಬರೆಸಿ. ‘ಅವೇಟ್’ ಅನ್ನುವ ಕಾಲಂ ನೋಡಬೇಕು. ಒಂದು ಕೆಲಸಕ್ಕೆ ಡಿಸ್ಕ್ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಅಂತ ಅದು.

ಕಣದ ಗುಮಾಸ್ತ, ಶನಿವಾರ ಸಂಜೆ

ಮೇಡಂ, ಬರೆದೆ. ಶುಕ್ರವಾರ 9:20, 11:05, 2:15, 2:40, 4:10. ಶನಿವಾರ 9:15, 10:30, 2:20. ಮಧ್ಯಾಹ್ನ ಒಂದರಿಂದ ಎರಡು ಒಂದೂ ಇಲ್ಲ. ಸಂಜೆ ಆರರ ಮೇಲೆ ಒಂದೂ ಇಲ್ಲ. ಈಗ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಓಡುತ್ತದೆ. ಡಿಸ್ಕ್‌ಗೆ ಇಡೀ ದಿನದಲ್ಲಿ ಜಾಸ್ತಿ ಕೆಲಸ ಆಗಲೇ. ಆಗ ಒಂದು ಸಲವೂ ನಿಂತಿಲ್ಲ.

ಬರೆಯುತ್ತಾ ಇದ್ದಾಗ ಹೊಳೆಯಿತು. ಹಗಲು ಒಂಬತ್ತಕ್ಕೆ ಹಲ್ಲರ್ (ಕಾಫಿ ಸಿಪ್ಪೆ ಸುಲಿಯುವ ಮಿಷನ್) ಶುರು, ಒಂದಕ್ಕೆ ಊಟಕ್ಕೆ ಬಿಡುತ್ತಾರೆ, ಎರಡಕ್ಕೆ ಮತ್ತೆ ಶುರು. ಮೊನ್ನೆ ಬುಧವಾರ ನಿಲ್ಲಲಿಲ್ಲ ಅಂದೆನಲ್ಲ, ಅವತ್ತು ಹಲ್ಲರ್ ಬೆಲ್ಟ್ ಕಿತ್ತು ಇಡೀ ದಿನ ಮಿಷನ್ ಓಡಿರಲಿಲ್ಲ. ಕೇಬಲ್ ಹಾಕಿದ್ದಕ್ಕೆ ಸರಿಹೋಯಿತು ಅಂತ ನಾನು ಬೀಗಿದ್ದೆ.

ಅರಸೀಕೆರೆ ಕಾಯಿ

ಹಾಗಾದರೆ ಕರೆಂಟ್! ದೊಡ್ಡ ಮೋಟಾರ್ ಎಳೆದಾಗ ವೋಲ್ಟೇಜ್ ಬೀಳುತ್ತದೆ. ಒಳ್ಳೇ ಯುಪಿಎಸ್ ಹಾಕಿ.

ಮೂಡಿಗೆರೆ ಮಳೆ

ಇರಬಹುದು. ಆದರೆ ಮೋಟಾರ್ ಜೋರಾಗಿ ಎಳೆಯುವುದು ಶುರುವಾಗುವ ಕೆಲವು ಸೆಕೆಂಡ್ ಮಾತ್ರ. 9:20, 11:05, 4:10 ಎಲ್ಲ ಮಿಷನ್ ಓಡುತ್ತಿರುವಾಗಿನ ಸಮಯ. ನನ್ನ ಅನುಮಾನ ಬೇರೆ. ಸರ್ವರ್ ಎಲ್ಲಿ ಇಟ್ಟಿದ್ದೀರಿ?

ಕಣದ ಗುಮಾಸ್ತ

ಆಫೀಸಿನ ಹಿಂದಿನ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಸ್ಟ್ಯಾಂಡ್ ಮೇಲೆ. ಗೋಡೆಯ ಆಚೆ ಹಲ್ಲರ್.

ನಿಮ್ಮ ಪ್ರಶ್ನೆ ಓದಿದ ಮೇಲೆ ಒಂದು ನೆನಪಾಯಿತು. ಕಾಫಿ ಕುಡಿದ ಸ್ಟೀಲ್ ಲೋಟ ನಾನು ಸರ್ವರ್ ಮೇಲೇ ಇಡುತ್ತೇನೆ. ಹಲ್ಲರ್ ಓಡುವಾಗ ಲೋಟದೊಳಗಿನ ಚಮಚ ಕಿಣಿಕಿಣಿ ಅನ್ನುತ್ತಿರುತ್ತದೆ. ಎಷ್ಟು ಅಭ್ಯಾಸ ಆಗಿದೆ ಅಂದರೆ, ಆ ಸದ್ದು ನಿಂತರೆ ಊಟದ ಹೊತ್ತಾಯಿತು ಅಂತ ಎದ್ದುಬಿಡುತ್ತೇನೆ.

ಹಳೇ ಟರ್ಮಿನಲ್

ಮಾರಾಯ್ರೆ! ಚಮಚ ಎರಡು ವರ್ಷದಿಂದ ಕೂಗಿ ಹೇಳುತ್ತಿದೆ, ನಾವು ಇಲ್ಲಿ ಸಿಆರ್‌ಸಿ ಎಣಿಸುತ್ತಾ ಕೂತಿದ್ದೇವೆ.

2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಒಬ್ಬರು ಡಿಸ್ಕ್‌ಗಳ ಸಾಲಿನ ಮುಂದೆ ಬಾಯಿಟ್ಟು ಜೋರಾಗಿ ಕಿರುಚಿ ತೋರಿಸಿದ್ದರು. ಕಿರುಚಿದ ಕೂಡಲೇ ಗ್ರಾಫ್‌ನಲ್ಲಿ ಡಿಸ್ಕ್ ತೆಗೆದುಕೊಳ್ಳುವ ಸಮಯ ಗಕ್ಕನೆ ಮೇಲೆ ಹೋಯಿತು. 2016ರಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ಆರಿಸುವ ಗ್ಯಾಸ್ ಪರೀಕ್ಷೆ ಮಾಡಿದರು. ಗ್ಯಾಸ್ ನುಗ್ಗಿದ ಸದ್ದಿಗೇ ಡಿಸ್ಕ್‌ಗಳು ಹಾಳಾಗಿ ಗಂಟೆಗಟ್ಟಲೆ ಬ್ಯಾಂಕ್ ಕೆಲಸ ನಿಂತಿತು. ಸದ್ದಿಗೇ ಹೀಗಾದರೆ, ಗೋಡೆಯೇ ನಡುಗಿದರೆ?

ಹೇಮಾವತಿ ದಂಡೆ

ನಡುಗಿದರೆ ತಟ್ಟೆಗೆ ಗೀರು ಬೀಳುತ್ತದಾ? ಹಾಗಿದ್ದರೆ ಸ್ಮಾರ್ಟ್‌ನಲ್ಲಿ ಸೊನ್ನೆ ಹೇಗೆ?

ಮೂಡಿಗೆರೆ ಮಳೆ

ಗೀರು ಬೀಳುವಷ್ಟು ಅಲ್ಲ. ಈಗಿನ ಡಿಸ್ಕ್‌ನಲ್ಲಿ ಒಂದು ಟ್ರ್ಯಾಕ್‌ನ ಅಗಲ 100 ನ್ಯಾನೋಮೀಟರ್‌ಗಿಂತ ಕಡಿಮೆ. ನಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ನೂರಾರು ಟ್ರ್ಯಾಕ್ ಹಿಡಿಸುತ್ತವೆ. ಓದಿ ಬರೆಯುವ ಹೆಡ್ ಅಷ್ಟು ಸಣ್ಣ ದಾರಿಯ ಮೇಲೆ ನಿಂತಿರಬೇಕು. ಅಲುಗಿ ಪಕ್ಕಕ್ಕೆ ಸರಿದರೆ ಡಿಸ್ಕ್ ಬರೆಯುವುದನ್ನು ನಿಲ್ಲಿಸುತ್ತದೆ, ಯಾಕೆಂದರೆ ಬರೆದರೆ ಪಕ್ಕದ ಟ್ರ್ಯಾಕ್ ಕೆಡುತ್ತದೆ. ಆಮೇಲೆ ಅದೇ ಸೆಕ್ಟರ್ ಮತ್ತೆ ಕೆಳಗೆ ಬರುವ ತನಕ ಕಾಯಬೇಕು. 5400 ಆರ್‌ಪಿಎಂ ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸಲ ತಪ್ಪಿದರೆ 11 ಮಿಲಿಸೆಕೆಂಡ್ ಹೋಯಿತು. ನೂರು ಸಲ ತಪ್ಪಿದರೆ ಒಂದು ಸೆಕೆಂಡಿಗೂ ಜಾಸ್ತಿ, ಅದೂ ಒಂದೇ ಒಂದು ತುಂಡು ಡೇಟಾಕ್ಕೆ. ಇದರ ಹಿಂದೆ ಹತ್ತಾರು ಕೆಲಸ ಸಾಲಾಗಿ ನಿಂತಿರುತ್ತವೆ. ಡಿಸ್ಕ್ ಆರೋಗ್ಯವಾಗಿಯೇ ಇದೆ. ನಡುಗುವ ಜೀಪಿನಲ್ಲಿ ಕೂತು ದುಂಡಗೆ ಅಕ್ಷರ ಬರೆ ಅಂದ ಹಾಗೆ ಅದರ ಪಾಡು.

ಸರ್ವರ್‌ಗೆ ಅಂತ ಮಾಡಿದ ಎಷ್ಟೋ ಡಿಸ್ಕ್‌ಗಳಲ್ಲಿ ಅಲುಗಾಟ ಅಳೆದು ಹೆಡ್ ಸರಿಪಡಿಸುವ ಸೆನ್ಸರ್ ಇರುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ಇದೂ ಊಹೆಯೇ. ಕರೆಂಟಾ, ಅಲುಗಾಟವಾ ಅಂತ ಬೇರೆ ಮಾಡಿ ನೋಡಬೇಕು. ಸೋಮವಾರ ಹಲ್ಲರ್ ಓಡುವಾಗ ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು ಐದು ನಿಮಿಷ ಬ್ಯಾಟರಿ ಮೇಲೆ ಓಡಿಸಿ. ಆಗಲೂ ಅವೇಟ್ ಏರಿದರೆ ಕರೆಂಟ್ ಅಲ್ಲ. ಆಮೇಲೆ ಶಟ್‌ಡೌನ್ ಮಾಡಿ, ಪೂರ್ತಿ ನಿಂತ ಮೇಲೆ, ಸರ್ವರನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಮೆತ್ತಗಿನದರ ಮೇಲಿಟ್ಟು ಮತ್ತೆ ನೋಡಿ. ಓಡುತ್ತಿರುವ ಸರ್ವರ್ ಎತ್ತಬೇಡಿ, ದಮ್ಮಯ್ಯ.

ಕಣದ ಗುಮಾಸ್ತ, ಭಾನುವಾರ ಬೆಳಿಗ್ಗೆ

ಮೇಡಂ, ನಿಮ್ಮ ಲೆಕ್ಕ ತಪ್ಪಿತು. ಇವತ್ತು ಭಾನುವಾರ, ವರ್ಕ್ಸ್ ರಜ, ಹಲ್ಲರ್ ಇಲ್ಲ. ತಿಂಗಳ ಲೆಕ್ಕ ಮುಗಿಸೋಣ ಅಂತ ಎಂಟಕ್ಕೆ ಬಂದೆ. ಸರ್ವರ್ ಆಮೆ. ನಾಲ್ಕೂ ಡಿಸ್ಕ್‌ನ ಲೈಟ್ ಬಿಡದೆ ಮಿನುಗುತ್ತಿದೆ.

ಹಳೇ ಟರ್ಮಿನಲ್

ಗಾಬರಿ ಬೇಡ. ಇವತ್ತು ತಿಂಗಳ ಮೊದಲ ಭಾನುವಾರ ಅಲ್ವಾ? ರೈಡ್‌ನ ಸ್ಥಿತಿ ತೋರಿಸುವ ಪ್ರೋಕ್ ಎಂಡಿಸ್ಟ್ಯಾಟ್ ಫೈಲ್ ತೆಗೆದು ನೋಡಿ, ‘ಚೆಕ್’ ಅಂತ ಇರುತ್ತದೆ.

ಕಣದ ಗುಮಾಸ್ತ

ಹೌದು ಸಾರ್! ಚೆಕ್, 84 ಪರ್ಸೆಂಟ್. ನಿಮಗೆ ಕಣಿ ಬರುತ್ತದಾ?

ಹಳೇ ಟರ್ಮಿನಲ್

ಕಣಿ ಅಲ್ಲ, ಕ್ರಾನ್, ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವ ಪ್ರೋಗ್ರಾಂ. ನಿಮ್ಮಂಥ ಹಳೇ ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ರಾತ್ರಿ 12:57ಕ್ಕೆ ರೈಡ್ ತನ್ನನ್ನು ತಾನೇ ಪೂರ್ತಿ ಓದಿ ಪರೀಕ್ಷೆ ಮಾಡಿಕೊಳ್ಳುತ್ತದೆ. 4 ಟಿಬಿಗೆ ಎಂಟು ಹತ್ತು ಗಂಟೆ ಬೇಕು. ಇದು ನಿಧಾನ, ಫ್ರೀಜ್ ಅಲ್ಲ. ಲಾಗ್‌ನಲ್ಲಿ ಇವತ್ತು ‘ಫ್ರೋಜನ್’ ಒಂದೂ ಇರುವುದಿಲ್ಲ, ನೋಡಿ. ಇದನ್ನು ಆಫ್ ಮಾಡಬೇಡಿ. ತೊಂದರೆ ಆದರೆ ರೈಡ್‌ನ ಸ್ಪೀಡ್ ಲಿಮಿಟ್ ಮ್ಯಾಕ್ಸ್ ಅಂಕಿ ಇಳಿಸಿ. ಹಲ್ಲರ್ ಇಲ್ಲದೆ ಎಂಟು ಗಂಟೆ ನಾಲ್ಕೂ ಡಿಸ್ಕ್ ಮೈಮುರಿದು ಓಡಿದರೂ ಒಂದೂ ನಿಲ್ಲಲಿಲ್ಲ ಅಂದರೆ, ಮೇಡಂ ಲೆಕ್ಕ ತಪ್ಪಲ್ಲ, ಇನ್ನೂ ಗಟ್ಟಿಯಾಯಿತು.

ಕಣದ ಗುಮಾಸ್ತ, ಸೋಮವಾರ ರಾತ್ರಿ

ಪರೀಕ್ಷೆ ಮಾಡಿದೆ. ಹಲ್ಲರ್ ನಿಂತಿರುವಾಗ ಮೂರನೇ ಡಿಸ್ಕ್‌ನ ಅವೇಟ್ 12ರ ಆಸುಪಾಸು. ಹಲ್ಲರ್ ಶುರುವಾಗಿ ಹತ್ತು ನಿಮಿಷಕ್ಕೆ 400, 700, ಒಮ್ಮೆ 2000 ದಾಟಿತು. ಬೇರೆ ಮೂರೂ 60ರಿಂದ 90. ಯುಪಿಎಸ್ ಪ್ಲಗ್ ಕಿತ್ತೆ. ಏನೂ ವ್ಯತ್ಯಾಸ ಇಲ್ಲ. ಅರಸೀಕೆರೆ ಅಣ್ಣ, ಕರೆಂಟ್ ಅಲ್ಲ.

ಶಟ್‌ಡೌನ್ ಮಾಡಿ ಇಳಿಸಿದೆ. ಮಡಚಿದ ಗೋಣಿಚೀಲ ಆರು ಹಾಸಿ ಅದರ ಮೇಲಿಟ್ಟೆ. ಅದೇ ಹಲ್ಲರ್, ಅದೇ ಲೋಡ್. ಮೂರನೇ ಡಿಸ್ಕ್ 15. ನಂಬಿಕೆ ಬರಲಿಲ್ಲ. ಎರಡು ಗಂಟೆ ಕಾದೆ. 15, 14, 18.

ಇನ್ನೊಂದು ಹೇಳಬೇಕು, ನಾಚಿಕೆ ಆಗುತ್ತದೆ. ಮೂರನೇ ಡಿಸ್ಕ್ ಯಾಕೆ ಅಷ್ಟು ಕೆಟ್ಟದಾಗಿತ್ತು ಅಂತ ಮುಚ್ಚಳ ತೆಗೆದು ನೋಡಿದೆ. ಎಡಗಡೆ ಎರಡು ಸ್ಕ್ರೂ. ಬಲಗಡೆ ಒಂದೂ ಇಲ್ಲ. ಮೊದಲು ಜೋಡಿಸಿದವರು ಹಾಗೇ ಬಿಟ್ಟಿದ್ದರು. ನಾನು ಹೊಸ ಡಿಸ್ಕ್ ಹಾಕುವಾಗ ಹೇಗಿತ್ತೋ ಹಾಗೇ ಹಾಕಿದ್ದೆ.

ಮೂಡಿಗೆರೆ ಮಳೆ

ಅಲ್ಲಿಗೆ ಕೇಬಲ್ ಕಥೆಯೂ ಅರ್ಥ ಆಯಿತು. ಕ್ಲಿಪ್ ಇಲ್ಲದ ಕೇಬಲ್, ಒಂದೇ ಕಡೆ ಸ್ಕ್ರೂ, ದಿನಕ್ಕೆ ಏಳೆಂಟು ಗಂಟೆ ನಡುಕ. ಸಡಿಲ ಆಗದೆ ಇನ್ನೇನು? ಎರಡೂ ಒಂದೇ ಬಳ್ಳಿಯ ಕಾಯಿ.

ಗೋಣಿಚೀಲದ ಮೇಲೆ ಬಿಡಬೇಡಿ. ಧೂಳು, ಜೊತೆಗೆ ಕೆಳಗಿನ ಗಾಳಿ ದಾರಿ ಮುಚ್ಚುತ್ತದೆ. ಅದು ಪರೀಕ್ಷೆಗೆ ಮಾತ್ರ.

ಹಳೇ ಟರ್ಮಿನಲ್

ಇನ್ನೊಂದು ಕೆಲಸ ಬಾಕಿ ಇದೆ. ಡಿಸ್ಕ್ ರೈಡ್‌ನಿಂದ ಯಾಕೆ ಹೊರಗೆ ಬಿತ್ತು? ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಸಿಗದಿದ್ದರೆ ಹಟ ಹಿಡಿದು ನಿಮಿಷಗಟ್ಟಲೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಮನೆ ಪಿಸಿಗೆ ಅದು ಸರಿ, ಇರುವುದು ಒಂದೇ ಡಿಸ್ಕ್. ಕರ್ನೆಲ್‌ಗೆ ಮಾತ್ರ 30 ಸೆಕೆಂಡಿಗೇ ತಾಳ್ಮೆ ಮುಗಿಯುತ್ತದೆ. ರೀಸೆಟ್ ಮಾಡುತ್ತದೆ, ಡಿಸ್ಕ್ ಆಗಲೂ ತನ್ನ ಹಟದಲ್ಲೇ ಇರುತ್ತದೆ, ರೈಡ್ ಹೊರಗೆ ಹಾಕುತ್ತದೆ. ಡಿಸ್ಕ್ ಬೇಗ ಸೋಲೊಪ್ಪಿಕೊಂಡರೆ ರೈಡ್ ಬೇರೆ ಮೂರರಿಂದ ಆ ತುಂಡನ್ನು ಲೆಕ್ಕ ಹಾಕಿ ಮತ್ತೆ ಬರೆಯುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿ ಅಂತ ಇದೆ, ಡಿಸ್ಕ್‌ನ ಹಟಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಹಾಕುವುದು. 70 ಅಂತ ಕೊಟ್ಟರೆ 7 ಸೆಕೆಂಡ್. ಡಿಸ್ಕ್ ಒಪ್ಪದಿದ್ದರೆ ಕರ್ನೆಲ್‌ನ 30ನ್ನು ಆ ಡಿಸ್ಕ್‌ಗೆ ಮಾತ್ರ 180 ಮಾಡಿ. ಪವರ್ ಹೋಗಿ ಬಂದರೆ ಎರಡೂ ಮರೆತುಹೋಗುತ್ತವೆ, ಆದ್ದರಿಂದ ಬೂಟ್ ಆಗುವಾಗಿನ ಸ್ಕ್ರಿಪ್ಟ್‌ಗೆ ಹಾಕಿ.

ಕಣದ ಗುಮಾಸ್ತ, ಹನ್ನೊಂದು ದಿನದ ನಂತರ

ಬಾಕಿ ವರದಿ ಒಪ್ಪಿಸುತ್ತೇನೆ. ಸರ್ವರ್ ಈಗ ವೇಬ್ರಿಡ್ಜ್ ಕಡೆಯ ಕೋಣೆಯಲ್ಲಿ, ನೆಲದಿಂದ ಎರಡಡಿ ಎತ್ತರದ ಕಡಪ ಕಲ್ಲಿನ ಮೇಲೆ, ಕೆಳಗೆ ದಪ್ಪ ರಬ್ಬರ್ ಮ್ಯಾಟ್. ಆಫೀಸಿಗೆ 45 ಮೀಟರ್ ನೆಟ್‌ವರ್ಕ್ ಕೇಬಲ್ ಎಳೆದೆವು. ನಾಲ್ಕೂ ಡಿಸ್ಕ್‌ಗೆ ನಾಲ್ಕು ನಾಲ್ಕು ಸ್ಕ್ರೂ, ನಡುವೆ ರಬ್ಬರ್ ವಾಷರ್. ಇಆರ್‌ಸಿಗೆ ಮೂರು ಡಿಸ್ಕ್ ಒಪ್ಪಿದವು, ಒಂದು ಒಪ್ಪಲಿಲ್ಲ, ಅದಕ್ಕೆ 180 ಹಾಕಿದೆ.

ಹನ್ನೊಂದು ದಿನದಲ್ಲಿ ಒಂದೂ ಫ್ರೀಜ್ ಇಲ್ಲ. 199 ಇನ್ನೂ 37. ಈ ಸಲ ಬೋಂಡ ಕೊಡಿಸಿಲ್ಲ, ಸೀಸನ್ ಮುಗಿಯಲಿ.

ಡ್ರಾಯರ್‌ನಲ್ಲಿದ್ದ ಡಿಸ್ಕ್‌ಗೆ ಲಾಂಗ್ ಟೆಸ್ಟ್ ಹಾಕಿದೆ. ಎಂಟು ಗಂಟೆ ಓಡಿ ಪಾಸ್ ಆಯಿತು. ಅದನ್ನೇ ಬ್ಯಾಕಪ್‌ಗೆ ಇಟ್ಟುಕೊಂಡೆ. ಶನಿವಾರ ಶನಿವಾರ ಮನೆಗೆ ಒಯ್ಯುತ್ತೇನೆ. ಕೆಟ್ಟದ್ದು ಅಂತ ಹೇಳಿ ಹೊಸದು ತರಿಸಿದ್ದು ಸಾಹುಕಾರರಿಗೆ ಹೇಗೆ ಹೇಳುವುದೋ ಗೊತ್ತಿಲ್ಲ.

ಅರಸೀಕೆರೆ ಕಾಯಿ

ಎಸ್‌ಎಸ್‌ಡಿ ಹಾಕಿದ್ದರೆ ಗೋಡೆ ನಡುಗಿದರೂ ಏನೂ ಆಗುತ್ತಿರಲಿಲ್ಲ. ಅಷ್ಟು ಮಾತ್ರ ಒಪ್ಪಿಕೊಳ್ಳಿ.

ಮೂಡಿಗೆರೆ ಮಳೆ

ಒಪ್ಪಿದೆವು. ಆದರೆ ಆ ಕೇಬಲ್ ಆಗಲೂ ಅಲ್ಲಾಡುತ್ತಿತ್ತು.

ಹಳೇ ಟರ್ಮಿನಲ್

ಆ ಹಳೇ ಕೇಬಲ್ ಎಲ್ಲಿದೆ ಈಗ?

ಕಣದ ಗುಮಾಸ್ತ

ಅದೇ ಡ್ರಾಯರ್‌ನಲ್ಲಿ ಸಾರ್.

ಹಳೇ ಟರ್ಮಿನಲ್

ಕತ್ತರಿ ತೆಗೆದುಕೊಳ್ಳಿ.

ಕಣದ ಗುಮಾಸ್ತ

ಕತ್ತರಿಸಿದೆ. ಎರಡು ತುಂಡು.